ಇಳಿಸಿದ ಹಳೆ ಹಂಚನ್ನು ಬಯಲಲ್ಲಿ ಇಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಖಾನಾಪುರದ ಕಡೆ ನಮ್ಮ ಹಳೆ ಮನೆ ಕೆಡವಿದಾಗ ಸುಮಾರು 2,800 ಹಂಚು ಇಳಿದವು. ಹೊಸ ಮನೆ ಏಳುವುದಕ್ಕೆ ಮೂರು ಮಳೆಗಾಲ ಹಿಡಿಯಿತು. ಅಷ್ಟೂ ದಿನ ಹಂಚು ಹಿತ್ತಲಲ್ಲೇ. ಮತ್ತೆ ಮಾಡಿಗೆ ಏರಿಸುವ ಹೊತ್ತಿಗೆ ನಾನೂರಕ್ಕೂ ಜಾಸ್ತಿ ಕೆಟ್ಟಿದ್ದವು. ಮೇಲೆ ಬಿದ್ದ ಮಳೆಯಿಂದ ಕೆಟ್ಟವು ಒಂದು ಬುಟ್ಟಿಯಷ್ಟೂ ಇರಲಿಲ್ಲ. ಉಳಿದವೆಲ್ಲ ನಾನು ಇಟ್ಟ ರೀತಿಯಿಂದ ಕೆಟ್ಟವು. ಆಮೇಲೆ ಮನೆ ಇಳಿಸುವ ನೆಂಟರು, ಗೆಳೆಯರು ಫೋನ್ ಮಾಡಿ ಅದೇ ಅದೇ ಪ್ರಶ್ನೆ ಕೇಳತೊಡಗಿದರು. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನ ಮಾತು ಮಂಗಳೂರು ಹಂಚಿನದು. ದೋಣಿಯ ಹಾಗಿರುವ ಸಣ್ಣ ನಾಡಹಂಚಿನ ವಿಷಯ ನಡುವೆ ಬರುತ್ತದೆ.

ಹಂಚು ಇರುವುದೇ ಮಳೆಗೆ. ಬಯಲಲ್ಲಿ ಇಟ್ಟರೆ ಕೆಡುವುದೇನು?

ಮಾಡಿನ ಮೇಲಿರುವ ಹಂಚು ಬೇರೆ, ಪೇರಿಸಿಟ್ಟ ಹಂಚು ಬೇರೆ. ಮಾಡಿಗೆ ಇಳಿಜಾರು ಇರುತ್ತದೆ. ನೀರು ನಿಲ್ಲುವುದಿಲ್ಲ. ಕೆಳಗಿನಿಂದ ಗಾಳಿ ಆಡುತ್ತದೆ. ಮಳೆ ನಿಂತು ಅರ್ಧ ದಿನ ಬಿಸಿಲು ಬಿದ್ದರೆ ಎರಡೂ ಮೈ ಒಣಗುತ್ತದೆ. ಪೇರಿಸಿಟ್ಟಾಗ ನಡುವಿನ ಹಂಚಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಒಂದರ ತೇವ ಇನ್ನೊಂದಕ್ಕೆ.

ಹಂಚು ನೀರು ಕುಡಿಯುತ್ತದೆ. ಮಂಗಳೂರು ಹಂಚಿಗೆ ಐಎಸ್ 654 ಅಂತ ಒಂದು ಭಾರತೀಯ ಮಾನಕ ಇದೆ. ಅದರ ಪ್ರಕಾರ ಮೊದಲ ದರ್ಜೆಯ ಹಂಚು ತನ್ನ ಒಣ ತೂಕದ 18 ಶೇಕಡ, ಎರಡನೇ ದರ್ಜೆಯದು 20 ಶೇಕಡಕ್ಕಿಂತ ಜಾಸ್ತಿ ನೀರು ಹೀರಬಾರದು. ಹಂಚಿನ ತೂಕ ಎರಡರಿಂದ ಮೂರು ಕಿಲೋ. ಎರಡೂವರೆ ಅಂತ ಹಿಡಿಯಿರಿ. ಒಳ್ಳೆಯ ಹಂಚು ಕೂಡ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ನೀರು ಕುಡಿದು ಕೂರಬಹುದು. ಸಾವಿರ ಹಂಚಿಗೆ ಹತ್ತಿರಹತ್ತಿರ 450 ಲೀಟರ್! ಚೆನ್ನಾಗಿ ಸುಟ್ಟ ಹಂಚಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಆ ನೀರಿನ ಜೊತೆ ನೆಲದ ಉಪ್ಪು ಏರಿದರೆ, ಪಾಚಿ ಕಟ್ಟಿದರೆ, ರಾಶಿಯ ಭಾರ ಹೆಚ್ಚಿ ನೆಲ ಕುಸಿದರೆ, ಆಗ ತೊಂದರೆ.

ಇಂಗ್ಲಿಷ್ ವಿಡಿಯೊಗಳಲ್ಲಿ ಚಳಿಗೆ ಹಂಚು ಸೀಳುತ್ತದೆ ಅಂತಾರೆ. ನಿಜಾನಾ?

ಅವರ ಊರಲ್ಲಿ ನಿಜ. ಹಂಚಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಪದರ ಏಳುತ್ತದೆ. ಬೆಳಗಾವಿಯಲ್ಲಿ ಸ್ವೆಟರ್ ಹಾಕುವ ಚಳಿ ಇದೆ, ನೀರು ಮಂಜುಗಡ್ಡೆ ಆಗುವ ಚಳಿ ಇಲ್ಲ. ಆ ಭಯ ಬಿಟ್ಟುಬಿಡಿ.

ಎಂಥ ಜಾಗದಲ್ಲಿ ಇಡಬೇಕು? ಬರೀ ಮಣ್ಣಿನ ಮೇಲೆ ಇಟ್ಟರೆ ನಡೆಯುತ್ತದಾ?

ನಡೆಯುವುದಿಲ್ಲ. ಎಲ್ಲರೂ ಮೇಲೆ ಏನು ಹೊದಿಸಬೇಕು ಅಂತ ಕೇಳುತ್ತಾರೆ. ಕೆಳಗೆ ಏನು ಹಾಕಬೇಕು ಅಂತ ಕೇಳುವವರು ಕಡಿಮೆ. ನನ್ನ ನಾನೂರು ಹಂಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು ನೆಲದ ದೆಸೆಯಿಂದ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ನೆಲ ಒಂದೇ ತರಹ ಇಲ್ಲ. ಖಾನಾಪುರದ ಪಡುವಣ ಭಾಗದಲ್ಲಿ ಕೆಂಪು ಜಂಬಿಟ್ಟಿಗೆ ನೆಲ. ಗಟ್ಟಿ, ನೀರು ಬೇಗ ಇಳಿದುಹೋಗುತ್ತದೆ. ಅಲ್ಲಿ ಕಲ್ಲು ಹಾಸಿದರೆ ಸಾಕು. ಬೈಲಹೊಂಗಲ, ಸವದತ್ತಿಯಿಂದ ಬಾಗಲಕೋಟೆ, ವಿಜಯಪುರದ ಕಡೆ ಹೋದರೆ ಎರೆಮಣ್ಣು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಜೂನ್‌ನಲ್ಲಿ ನೆಟ್ಟಗೆ ಇದ್ದ ಸಾಲು ಮುಂದಿನ ಮಾರ್ಚಿಗೆ ವಾಲಿರುತ್ತದೆ. ಒಂದು ದಿನ ಕುಸಿದು ಬೀಳುತ್ತದೆ.

ಎರೆನೆಲದಲ್ಲಿ ಇನ್ನೊಂದು ಪೀಡೆ ಸವಳು. ಜಾಸ್ತಿ ನೀರು ಹಾಯಿಸಿದ ಹೊಲದ ಪಕ್ಕ, ಕಾಲುವೆ ಬದಿಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಾಣುತ್ತದಲ್ಲ, ಅದೇ. ಕೆಳಸಾಲಿನ ಹಂಚು ಆ ಉಪ್ಪುನೀರನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಹಂಚಿನ ಮೈಯೊಳಗೇ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಮೈ ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಎಷ್ಟೋ ಹಳೆ ಗೋಡೆಗಳ ಬುಡ ತಿಂದುಹೋಗುವುದು ಹೀಗೇ. ಒಂದೆರಡು ವರ್ಷದಲ್ಲಿ ಕೆಳಸಾಲು ಪೂರ್ತಿ ಹೋಗಬಹುದು, ಮೇಲಿನದು ಹೊಸದರಂತೆ ಇರಬಹುದು.

ಹಾಗಾಗಿ ಮೊದಲು ಅರ್ಧ ಅಡಿ ಮಣ್ಣು ತೆಗೆಯಿರಿ. ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿ, ನೀರು ಹೊಡೆದು, ದಮ್ಮಸು ಮಾಡಿ. ಸುತ್ತಲಿನ ನೆಲಕ್ಕಿಂತ ಮೂರು ನಾಲ್ಕು ಇಂಚು ಎತ್ತರ ಬರಲಿ. ಅದರ ಮೇಲೆ ಸಾಲಾಗಿ ಕಲ್ಲಿನ ತುಂಡು, ಹಳೆ ಶಹಾಬಾದ್ ಫರಸಿ, ಸಿಮೆಂಟ್ ಇಟ್ಟಿಗೆ, ಏನು ಸಿಗುತ್ತದೋ ಅದು. ಹಂಚು ಮಣ್ಣಿಗೆ ತಾಗಬಾರದು, ಅಷ್ಟೇ ಲೆಕ್ಕ. ಹಳೆ ಮನೆಯ ತೊಲೆ, ರೀಪು ಹಾಕುವವರಿದ್ದಾರೆ. ಗೆದ್ದಲು ಹತ್ತುತ್ತದೆ, ಕಲ್ಲೇ ವಾಸಿ. ಕಬ್ಬಿನ ರವದಿ, ಕಣಕಿ ಹಾಸಬೇಡಿ. ಮೆತ್ತಗೆ ಅನಿಸುತ್ತದೆ ನಿಜ, ಒಂದು ಮಳೆಗೆ ಕೊಳೆತು ತೇವ ಹಿಡಿದಿಡುತ್ತದೆ.

ಗಿಡದ ಕೆಳಗೆ ಬೇಡ. ಎಲೆ ಬಿದ್ದು ಸಂದುಗಳಲ್ಲಿ ಗೊಬ್ಬರ ಆಗುತ್ತದೆ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ. ಸೂರಿನ ನೀರು ಬೀಳುವ ಜಾಗ, ದನ ಕಟ್ಟುವ ಜಾಗ ಕೂಡ ಬಿಡಿ. ದನದ ಗಂಜಲದಲ್ಲೂ ಉಪ್ಪಿದೆ.

ಹಂಚು ಮಲಗಿಸಿ ಪೇರಿಸಬೇಕಾ, ನಿಲ್ಲಿಸಬೇಕಾ?

ನಿಲ್ಲಿಸಿ. ನಾನು ಮೊದಲು ರೊಟ್ಟಿ ಪೇರಿಸಿದ ಹಾಗೆ ಮಲಗಿಸಿದ್ದೆ. ಸುಲಭ, ನೋಡಲೂ ಚಂದ. ಆದರೆ ಹಂಚು ರೊಟ್ಟಿಯ ಹಾಗೆ ಸಪಾಟು ಅಲ್ಲ. ಕೆಳಮೈಯಲ್ಲಿ ರೀಪಿಗೆ ಸಿಕ್ಕಿಸುವ ಉಬ್ಬು ಇದೆ. ಮೇಲಿನ ಅಷ್ಟೂ ಭಾರ ಆ ಎರಡು ಮೂರು ಚುಕ್ಕೆಗಳ ಮೇಲೆ ಬೀಳುತ್ತದೆ. ಹಂಚು ನಡುವೆ ಬಿರುಕು ಬಿಡುತ್ತದೆ. ಒಂದು ಬಿರುಕು ಬಿಟ್ಟರೆ ಅದರ ಮೇಲಿನದು ಓರೆಯಾಗಿ ಅದೂ ಬಿರುಕು. ಅಂಚಿನ ಮೇಲೆ ನಿಂತ ಹಂಚು ಮಾತ್ರ ಒಳ್ಳೆ ಭಾರ ತಡೆಯುತ್ತದೆ.

ಉದ್ದನೆಯ ಅಂಚು ಕೆಳಗೆ ಬರುವ ಹಾಗೆ, ಒಂದರ ಬೆನ್ನಿಗೆ ಇನ್ನೊಂದರ ಎದೆ ತಾಗುವ ಹಾಗೆ ನಿಲ್ಲಿಸುತ್ತ ಹೋಗಿ. ಎಲ್ಲವೂ ಒಂದೇ ಕಡೆ ಚೂರು ವಾಲಿರಲಿ. ಸಾಲಿನ ಎರಡೂ ತುದಿಗೆ ಇಟ್ಟಿಗೆಯ ಸಣ್ಣ ಕಂಬ ಬೇಕು, ಇಲ್ಲದಿದ್ದರೆ ಇಸ್ಪೀಟ್ ಎಲೆಗಳ ಹಾಗೆ ಸಾಲಿಗೆ ಸಾಲೇ ಮಲಗುತ್ತದೆ. ಗೋಡೆಗೆ ಒರಗಿಸಿ ಒಂದೇ ಸಾಲು ಇಡುವುದಾದರೆ ಗಿಡ್ಡ ಅಂಚಿನ ಮೇಲೆ ಎತ್ತರಕ್ಕೆ ನಿಲ್ಲಿಸಿದರೂ ಅಡ್ಡಿಯಿಲ್ಲ.

ಎಷ್ಟು ಎತ್ತರ? ಸಾವಿರ ಹಂಚಿಗೆ ಎಷ್ಟು ಜಾಗ ಬೇಕು?

ನಾಲ್ಕು ಅಂತಸ್ತು ಸಾಕು. ಸಾಮಾನ್ಯವಾಗಿ ಹಂಚು 41 ಸೆಂ.ಮೀ. ಉದ್ದ, 23–24 ಸೆಂ.ಮೀ. ಅಗಲ ಇರುತ್ತದೆ. ನಾಲ್ಕು ಅಂತಸ್ತು ಅಂದರೆ ಮೂರು ಅಡಿ ಚಿಲ್ಲರೆ, ಸೊಂಟದ ಮಟ್ಟ. ಬಗ್ಗದೆ, ಕೈ ಚಾಚದೆ ತೆಗೆಯಬಹುದು. ಬೆನ್ನಿಗೆ ಬೆನ್ನು ಕೊಟ್ಟು ಎರಡು ಸಾಲು ಮಾಡಿದರೆ ಸಾವಿರ ಹಂಚಿಗೆ ಸುಮಾರು 16 ಅಡಿ ಉದ್ದ, 3 ಅಡಿ ಅಗಲ. ಹಂಚಿನ ಉಬ್ಬುತಗ್ಗು ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಪ್ರತಿ ಅಂತಸ್ತಿನ ನಡುವೆ ಹಳೆ ರೀಪಿನ ಎರಡು ಪಟ್ಟಿ ಹಾಕಿ. ಸುತ್ತ ಓಡಾಡಲು ಎರಡಡಿ ದಾರಿ ಬಿಡಿ. ನಾನು ಬಿಟ್ಟಿರಲಿಲ್ಲ, ಒಂದು ಹಂಚು ಬೇಕಾದರೆ ನೂರು ಸರಿಸಬೇಕಿತ್ತು.

ಸ್ಲ್ಯಾಬಿನ ಮೇಲೆ, ಟೆರೇಸಿನಲ್ಲಿ ಇಡಬಹುದಾ? ಕಳ್ಳರ ಕಾಟ ಇಲ್ಲ.

ದಯವಿಟ್ಟು ಬೇಡ. ಲೆಕ್ಕ ನೋಡಿ. ಮೇಲೆ ಹೇಳಿದ ಸಾವಿರ ಹಂಚು ಎರಡೂವರೆ ಟನ್. ಅದು ಕೂರುವ ಜಾಗ ನಾಲ್ಕೂವರೆ ಚದರ ಮೀಟರ್. ಒಂದು ಚದರ ಮೀಟರಿಗೆ 550 ಕಿಲೋ ಬಂತು. ನೆನೆದರೆ 650. ಓಡಾಡುವ ಟೆರೇಸನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಗೆ. ನಾಲ್ಕು ಪಟ್ಟು! ಸ್ಲ್ಯಾಬಿನ ಕೆಳಗೆ ಗೋಡೆ ಇರುವ ಕಡೆ ಒಂದೇ ಅಂತಸ್ತಿನಲ್ಲಿ ನೂರಿನ್ನೂರು ಹಂಚು ಇಟ್ಟರೆ ಬೇರೆ ಮಾತು.

ತಾಡಪತ್ರಿ ಮುಚ್ಚಿದರೆ ಸಾಕಲ್ವಾ?

ಮುಚ್ಚುವ ರೀತಿ ಸರಿಯಿದ್ದರೆ ಸಾಕು. ಬಹಳ ಜನ ಮಾಡುವುದು ನಾನು ಮಾಡಿದ್ದನ್ನೇ: ನೆಲದವರೆಗೂ ತಾಡಪತ್ರಿ ಇಳಿಬಿಟ್ಟು, ಹಗ್ಗ ಬಿಗಿದು, ಮೇಲೆ ಕಲ್ಲು ಹೇರಿ, ಮೂಟೆ ಕಟ್ಟಿದ ಹಾಗೆ. ನೆಲದ ತೇವ ಒಳಗೇ ಆವಿಯಾಗಿ ಒಳಗೇ ಬೆವರುತ್ತದೆ. ದೀಪಾವಳಿಗೆ ಬಿಚ್ಚಿದಾಗ ಹೊರಗಿಟ್ಟ ಹಂಚಿಗಿಂತ ಮುಚ್ಚಿಟ್ಟ ಹಂಚಿಗೇ ಪಾಚಿ ಜಾಸ್ತಿ ಹಿಡಿದಿತ್ತು!

ನೆತ್ತಿಗೆ ಮಾತ್ರ ಹೊದಿಸಿ, ಪಕ್ಕ ತೆರೆದಿಡಿ. ಹಳೆ ಪತ್ರಾ (ತಗಡಿನ ಶೀಟು) ಇದ್ದರೆ ಎಲ್ಲಕ್ಕಿಂತ ಒಳ್ಳೇದು. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಇರಲಿ. ಸುತ್ತ ಅರ್ಧ ಅಡಿ ಹೊರಗೆ ಚಾಚಿರಲಿ. ಪತ್ರಾ ಹಾರದ ಹಾಗೆ ತಂತಿ ಬಿಗಿಯಿರಿ, ಏಪ್ರಿಲ್–ಮೇ ತಿಂಗಳ ಗಾಳಿ ಗೊತ್ತಲ್ಲ. ಆಣಿಕಲ್ಲು ಬಿದ್ದರೂ ಪತ್ರಾ ತಡೆಯುತ್ತದೆ.

ಎಷ್ಟು ಮುಚ್ಚಬೇಕು ಅನ್ನುವುದು ಊರಿನ ಮೇಲೂ ಹೋಗುತ್ತದೆ. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಅದಕ್ಕಿಂತ ಬಹಳ ಜಾಸ್ತಿ. ವಿಜಯಪುರದಲ್ಲಿ 600ರ ಆಸುಪಾಸು. ಅಲ್ಲಿ ತಳ ಗಟ್ಟಿಯಿದ್ದರೆ ಏನೂ ಹೊದಿಸದೆ ಬಿಟ್ಟರೂ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಪ್ಲಾಸ್ಟಿಕ್ ತಾಡಪತ್ರಿಯಂತೂ ಅಲ್ಲಿನ ಬಿಸಿಲಿಗೆ ಚಿಂದಿಯಾಗುತ್ತದೆ.

ಇಡುವ ಮೊದಲು ಒಳ್ಳೆಯದು ಕೆಟ್ಟದ್ದು ಹೇಗೆ ಆರಿಸುವುದು?

ನಮ್ಮ ಗೌಂಡಿ ಅಜ್ಜ ಮಾಡುತ್ತಿದ್ದದ್ದು ಒಂದೇ. ಹಂಚನ್ನು ಒಂದು ಕೈಯಲ್ಲಿ ಇಳಿಬಿಟ್ಟು ಹಿಡಿದು, ಬೆರಳ ಗೆಣ್ಣಿನಿಂದ ಕುಟ್ಟಿ ಕೇಳುವುದು. ಟಣ್ ಅಂದರೆ ಈ ಕಡೆ. ಡಬ್ ಅಂದರೆ ಆ ಕಡೆ. ಕಣ್ಣಿಗೆ ಕಾಣದ ಬಿರುಕು ಕೂಡ ಕಿವಿಗೆ ಸಿಗುತ್ತದೆ. ಆದರೆ ಹಂಚು ಒಣಗಿರಬೇಕು. ನೆನೆದ ಒಳ್ಳೆ ಹಂಚೂ ಡಬ್ ಅನ್ನುತ್ತದೆ. ಇದು ತಿಳಿಯದೆ ನಾನು ಮಳೆ ನಿಂತ ಮಾರನೇ ದಿನ ಆರಿಸಲು ಕೂತು ಅರವತ್ತು ಎಪ್ಪತ್ತು ಒಳ್ಳೆ ಹಂಚು ಎಸೆದಿದ್ದೆ. ಅಜ್ಜ ನೋಡಿ ನಕ್ಕರು: "ತಮ್ಮಾ, ನೆಗಡಿ ಆದಾವನ ಕೈಲಿ ಹಾಡಸಾಕ ಹತ್ತೀಯಲ್ಲೋ."

ಅನುಮಾನ ಇದ್ದರೆ ತೂಕದ ಪರೀಕ್ಷೆ ಮಾಡಿ. ರಾಶಿಯ ಬೇರೆ ಬೇರೆ ಕಡೆಯಿಂದ ಆರು ಹಂಚು ತೆಗೆದು, ಬೇಸಿಗೆ ಬಿಸಿಲಲ್ಲಿ ಮೂರು ನಾಲ್ಕು ದಿನ ಒಣಗಿಸಿ ತೂಗಿ. ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಒರೆಸಿ, ಮತ್ತೆ ತೂಗಿ. ಎರಡೂವರೆ ಕಿಲೋ ಇದ್ದದ್ದು ಮೂರು ಕಿಲೋ ದಾಟಿದರೆ ಆ ಹಂಚು ಹಸಿಬಿಸಿ ಸುಟ್ಟದ್ದು ಅಂತ ಅರ್ಥ. ಅಂಥದ್ದನ್ನು ಮನೆಗೆ ಬೇಡ, ದನದ ಕೊಟ್ಟಿಗೆಗೆ ಹಾಕಿಕೊಳ್ಳಿ.

ಹಂಚಿನ ಮೇಲೆ 1865 ಅಂತ ಇದೆ. ನಮ್ಮದು ಅಷ್ಟು ಹಳೆಯದಾ?

ಈ ಪ್ರಶ್ನೆ ಬಂದಾಗಲೆಲ್ಲ ಕೇಳಿದವರ ಮುಖ ಅರಳಿರುತ್ತದೆ, ಉತ್ತರ ಹೇಳಲು ಬೇಜಾರು. 1865 ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅದನ್ನು ಕಾರ್ಖಾನೆಯ ಗುರುತಾಗಿ ಅಚ್ಚಿನಲ್ಲಿ ಹಾಕುತ್ತಿದ್ದರು. ನಿಮ್ಮ ಹಂಚು ಸುಟ್ಟ ವರ್ಷ ಅದಲ್ಲ.

ಆದರೆ ಅಚ್ಚಿನ ಹೆಸರು ಬೇರೆ ಕೆಲಸಕ್ಕೆ ಬರುತ್ತದೆ. ಬೇರೆ ಬೇರೆ ಕಾರ್ಖಾನೆಯ ಹಂಚು ನೋಡಲು ಒಂದೇ, ಅಂಚಿನ ಕಚ್ಚು ಮಾತ್ರ ಒಂದಕ್ಕೊಂದು ಕೂರುವುದಿಲ್ಲ. ನಮ್ಮ ಮನೆಯಲ್ಲೇ ಮೂರು ಹೆಸರಿನವು ಇದ್ದವು. ರಿಪೇರಿ ಮಾಡಿದಾಗಲೆಲ್ಲ ಆ ವರ್ಷ ಖಾನಾಪುರದಲ್ಲಿ ಸಿಕ್ಕಿದ್ದನ್ನು ತಂದು ಹಾಕಿದ್ದರು. ಎಲ್ಲ ಬೆರೆಸಿಟ್ಟರೆ ಮಾಡಿನ ಮೇಲೆ ಕೂತ ಹುಡುಗ ದಿನಕ್ಕೆ ಹತ್ತು ಸಲ ನಿಮ್ಮನ್ನು ಬಯ್ಯುತ್ತಾನೆ. ಇಳಿಸುವಾಗಲೇ ಹೆಸರು ನೋಡಿ ಬೇರೆ ಸಾಲು ಮಾಡಿ. ಸುಣ್ಣದಲ್ಲಿ ಸಾಲಿನ ಮೇಲೆ ಎಣಿಕೆ ಬರೆದಿಡಿ. ಕಳ್ಳತನ ಆದರೂ ಗೊತ್ತಾಗುತ್ತದೆ. ನೂರು ಚದರ ಅಡಿ ಮಾಡಿಗೆ ಸುಮಾರು 140–150 ಹಂಚು ಬೇಕು. ಆ ಲೆಕ್ಕದಲ್ಲಿ ಯಾವ ಸಾಲು ಯಾವ ಕೋಣೆಗೆ ಅಂತ ಆಗಲೇ ನಿಶ್ಚಯ ಮಾಡಬಹುದು.

ಪಾಚಿ, ಗಾರೆ, ಸಿಮೆಂಟ್ ಎಲ್ಲ ತೆಗೆದೇ ಇಡಬೇಕಾ?

ಪಾಚಿ ತೆಗೆದಿಡಿ. ಒಣಗಿದಾಗ ನಾರಿನ ಬ್ರಷ್‌ನಿಂದ ಉಜ್ಜಿದರೆ ಹುಡಿಹುಡಿಯಾಗಿ ಬೀಳುತ್ತದೆ. ಹಸಿಯಿದ್ದಾಗ ಉಜ್ಜಿದರೆ ಮೈತುಂಬ ಬಳಿದ ಹಾಗೆ ಆಗುತ್ತದೆ. ತಂತಿ ಬ್ರಷ್ ಬೇಡ. ಕಾರು ತೊಳೆಯುವ ಜೋರು ನೀರಿನ ಮೆಷಿನ್ನೂ ಬೇಡ. ಸುಟ್ಟ ಮೈಯ ಮೇಲ್ಪದರ ಕಿತ್ತುಬರುತ್ತದೆ, ಆಮೇಲೆ ಪಾಚಿ ಇನ್ನೂ ಬೇಗ ಹತ್ತುತ್ತದೆ.

ಸುಣ್ಣದ ಗಾರೆ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ, ಬಿಡಿಸಲು ಹೋದರೆ ಹಂಚೇ ಒಡೆಯುತ್ತದೆ. ಅಂಥವನ್ನು ಮಾಡಿನ ಅಂಚಿಗೆ, ಮತ್ತೆ ಸಿಮೆಂಟ್ ಬರುವ ಜಾಗಕ್ಕೇ ಎತ್ತಿಡಿ. ಅಂಗಡಿಯವರು ಆ್ಯಸಿಡ್ ಕೊಡುತ್ತಾರೆ. ತರಬೇಡಿ. ಹಂಚು ಅದನ್ನೂ ಕುಡಿಯುತ್ತದೆ. ಒಳಗೆ ಉಪ್ಪು ಉಳಿಯುತ್ತದೆ, ಸವಳಿನ ಕಥೆಯೇ ಮತ್ತೆ. ಅಡುಗೆಮನೆಯ ಹಂಚಿನ ಮಸಿಯಿಂದ ಏನೂ ತೊಂದರೆ ಇಲ್ಲ, ಹಾಗೇ ಬಿಡಿ.

ಬಣ್ಣ ಹೊಡೆದು ಇಟ್ಟರೆ?

ಬೇಡ. ಒಳಗಿನ ತೇವಕ್ಕೆ ಹೊರಬರಲು ದಾರಿ ಬೇಕು. ಬಣ್ಣದ ಆಸೆ ಇದ್ದರೆ ಮಾಡಿಗೆ ಏರಿಸುವ ಮೊದಲು, ಚೆನ್ನಾಗಿ ಒಣಗಿದ ಮೇಲೆ ನೋಡಿ.

ನೆರೆಯಲ್ಲಿ ಮುಳುಗಿದ ಮನೆಯ ಹಂಚು ಬಳಸಬಹುದಾ?

2019ರ ಆಗಸ್ಟ್ ನೆರೆಯ ನಂತರ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಕಡೆಯಿಂದ ಈ ಪ್ರಶ್ನೆ ಬಹಳ ಬಂತು. ನೀರಲ್ಲಿ ನಾಲ್ಕು ದಿನ ಇದ್ದರೆ ಸುಟ್ಟ ಹಂಚಿಗೆ ಏನೂ ಆಗುವುದಿಲ್ಲ. ಅದಕ್ಕೆ ಮೆತ್ತಿದ ರೊಜ್ಜು ಕೆಟ್ಟದ್ದು. ಅದು ಒಣಗುವ ಮೊದಲೇ ಸಿಹಿನೀರಲ್ಲಿ ತೊಳೆಯಿರಿ. ಕಚ್ಚಿನೊಳಗೆ ಮಣ್ಣು ಗಟ್ಟಿಯಾದರೆ ಹಂಚು ಒಂದರ ಮೇಲೊಂದು ಕೂರುವುದಿಲ್ಲ, ಸೋರುತ್ತದೆ. ಹೊಳೆಯ ರೊಜ್ಜಿನಲ್ಲಿ ಎಲ್ಲ ಕೊಳಕೂ ಇರುತ್ತದೆ. ಕೈಗವಸು ಹಾಕಿಕೊಳ್ಳಿ.

ನಾಡಹಂಚು, ಮಾಡಿನ ನೆತ್ತಿಯ ಹಂಚು, ಗಾಜಿನ ಹಂಚು?

ನಾಡಹಂಚು ಸಣ್ಣದು, ತೆಳು, ಒಡೆಯುವುದು ಜಾಸ್ತಿ. ಎರಡು ಅಂತಸ್ತಿಗಿಂತ ಮೇಲೆ ಪೇರಿಸಬೇಡಿ. ಅದೂ, ನೆತ್ತಿಯ ಹಂಚೂ ದೋಣಿಯ ಹಾಗೆ ಇರುತ್ತವೆ. ಬಾಯಿ ಮೇಲೆ ಮಾಡಿ ಇಟ್ಟರೆ ನೀರು ನಿಲ್ಲುತ್ತದೆ. ಡೆಂಗಿ ಸೊಳ್ಳೆಗೆ ಅಷ್ಟೇ ನೀರು, ಒಂದು ವಾರ ಹತ್ತು ದಿನ ಸಾಕು. ಬೋರಲು ಹಾಕಿ, ಇಲ್ಲವೇ ನಿಲ್ಲಿಸಿ.

ಗಾಜಿನದು ಮನೆಯೊಳಗೆ, ನಡುವೆ ಪೇಪರ್ ಹಾಕಿ, ಮಂಚದ ಕೆಳಗೆ.

ಹಾವು ಚೇಳಿನ ಭಯ?

ಇದೆ. ತಂಪು, ಕತ್ತಲು, ಸಂದು, ಇಲಿ, ಎಲ್ಲ ಒಂದೇ ಕಡೆ ಸಿಕ್ಕರೆ ಅವು ಬರದೆ ಇರುತ್ತವಾ? ರಾಶಿಯನ್ನು ಮಲಗುವ ಕೋಣೆಯ ಗೋಡೆಗೆ ತಾಗಿಸಬೇಡಿ. ಸುತ್ತ ಹುಲ್ಲು ಬೆಳೆಯಲು ಬಿಡಬೇಡಿ. ಕಾಳಿನ ಚೀಲ, ಕೋಳಿಗೂಡು ಹತ್ತಿರ ಇದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ತೆಗೆಯುವಾಗ ಮೊದಲು ಕೋಲಿನಿಂದ ಕುಟ್ಟಿ ಸದ್ದು ಮಾಡಿ. ಮೇಲಿನಿಂದ ಒಂದೊಂದೇ ತೆಗೆಯಿರಿ. ಕಾಣದ ಸಂದಿಗೆ ಬೆರಳು ಹಾಕಬೇಡಿ. ಕೆಳಸಾಲಿಗೆ ಬಂದಾಗ ಮಕ್ಕಳನ್ನು ದೂರ ಕಳಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ನಮ್ಮ ರಾಶಿಯಲ್ಲಿ ಸಿಕ್ಕಿದ್ದು ಒಂದು ಕೇರೆ, ಲೆಕ್ಕವಿಲ್ಲದಷ್ಟು ಚೇಳು.

ಯಾವಾಗ ಇಳಿಸಬೇಕು? ಸಾಗಿಸುವುದು ಹೇಗೆ?

ಫೆಬ್ರುವರಿ–ಮಾರ್ಚ್. ಹಂಚು ಒಣಗಿ ಹಗುರ ಇರುತ್ತದೆ, ಪಾಚಿ ತಾನೇ ಉದುರುತ್ತದೆ. ಮಿರಗದ (ಮೃಗಶಿರಾ) ಮಳೆ ಹೊಡೆಯುವ ಮೊದಲು ಸಾಲು ಮುಗಿದಿರಬೇಕು. ಮೇ ಕೊನೆಗೆ ಕೈ ಹಾಕಿದರೆ ಅವಸರ, ಅವಸರಕ್ಕೆ ಒಡೆತ.

ಟ್ರ್ಯಾಕ್ಟರ್ ಟ್ರಾಲಿಯಲ್ಲಿ ತಳಕ್ಕೆ ದಪ್ಪಗೆ ಭತ್ತದ ಹುಲ್ಲು ಹಾಕಿ, ಹಂಚನ್ನು ನಿಲ್ಲಿಸಿ, ಅಲ್ಲಾಡದ ಹಾಗೆ ಬಿಗಿಯಾಗಿ ಜೋಡಿಸಿ. ಇಳಿಸುವಾಗ ಟ್ರಾಲಿ ಎತ್ತಿ ಸುರಿಯುತ್ತೇನೆ ಅನ್ನುವ ಡ್ರೈವರ್ ಸಿಗುತ್ತಾನೆ. ಅವನಿಗೆ ಚಹಾ ಕೊಟ್ಟು ಕೂರಿಸಿ, ನೀವು ಕೈಯಿಂದ ಇಳಿಸಿ. ಕೂಲಿ ಮಾತಾಡುವಾಗ ದಿನದ ಲೆಕ್ಕ ಮಾತಾಡಿ. ಹಂಚಿನ ಲೆಕ್ಕಕ್ಕೆ ಕೊಟ್ಟರೆ ಕೈ ಓಡುತ್ತದೆ. ಎಸೆದು ಹಿಡಿಯುವ ಆಟ ಶುರುವಾಗುತ್ತದೆ.

ಎಷ್ಟು ವರ್ಷ ಹೀಗೆ ಇಡಬಹುದು?

ತಳ ಒಣಗಿದ್ದರೆ ಹತ್ತು ವರ್ಷ ಇಟ್ಟರೂ ಹಂಚಿಗೆ ವಯಸ್ಸಾಗುವುದಿಲ್ಲ. ನೂರು ವರ್ಷ ಮಾಡಿನ ಮೇಲೆ ಕೂತ ಹಂಚು ಈಗಲೂ ಇದೆ. ಆದರೆ ವರ್ಷಕ್ಕೊಂದು ಸಲ, ಯುಗಾದಿಯ ಆಸುಪಾಸು, ಕೆಳಸಾಲಿನಿಂದ ನಾಲ್ಕು ಹಂಚು ಎಳೆದು ನೋಡಿ. ಬಿಳಿ ಪುಡಿ, ಹಪ್ಪಳ ಏಳುವುದು ಕಂಡರೆ ಆ ಬೇಸಿಗೆಯಲ್ಲೇ ಜಾಗ ಬದಲಿಸಿ. ಮುಂದೂಡಬೇಡಿ. ನಾನು ಮೊದಲ ವರ್ಷವೇ ಅದನ್ನು ಕಂಡಿದ್ದೆ, ಸುಣ್ಣದ ಕಲೆ ಇರಬೇಕು ಅಂದುಕೊಂಡು ಸುಮ್ನೆ ಇದ್ದೆ.

ಒಡೆದ ಹಂಚು ಏನು ಮಾಡುವುದು?

ಎಸೆಯಬೇಡಿ. ಕುಟ್ಟಿ ಪುಡಿ ಮಾಡಿದರೆ ಸುಣ್ಣದ ಗಾರೆಗೆ ಸುರ್ಕಿ ಆಗುತ್ತದೆ. ದಪ್ಪ ಚೂರು ಕುಂಡದ ತಳಕ್ಕೆ, ಬಚ್ಚಲ ನೀರಿನ ಗುಂಡಿಗೆ, ಮುಂದಿನ ರಾಶಿಯ ತಳಪಾಯಕ್ಕೆ. ಅಂಗೈಯಷ್ಟು ಸಪಾಟು ಚೂರುಗಳನ್ನು ನಮ್ಮನೆ ಹುಡುಗರು ಮೊದಲೇ ಆರಿಸಿ ಇಟ್ಟುಕೊಂಡಿದ್ದರು. ಲಗೋರಿಗೆ ಏಳು, ಕುಂಟಾಬಿಲ್ಲೆಗೆ ಒಂದು.